ವಿನಿಯರ್ ಬರುವ ತನಕದ ಟೆಂಪರರಿ: ಅಕ್ರಿಲಿಕ್ಕಾ, ಬಿಸ್‌ಅಕ್ರಿಲ್ಲಾ?

ಯಾದಗಿರಿ, ಕಲಬುರಗಿ ಕಡೆ ಫ್ಲೋರೈಡ್ ಜಾಸ್ತಿ ಇರುವ ಬೋರ್‌ವೆಲ್ ನೀರಿನ ಹಳ್ಳಿಗಳಿವೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿಯಮ. ನಾನು, ತಂಗಿ ಇಬ್ಬರೂ ಅಂಥ ನೀರು ಕುಡಿದು ಬೆಳೆದವರು, ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ ಇತ್ತು. ಕಲಬುರಗಿಯಲ್ಲಿ ಬೇರೆ ಬೇರೆ ಡಾಕ್ಟರ್ ಹತ್ತಿರ ವಿನಿಯರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳ್ಳನೆ ಪಿಂಗಾಣಿ ಪದರ, ಹಾಕಿಸಿಕೊಂಡೆವು. ಅದು ಬರುವವರೆಗೆ ಹಲ್ಲು ಮುಚ್ಚೋಕೆ ಹಾಕುವ ಟೆಂಪರರಿಯೂ ಬೇರೆ ಬೇರೆ.

ಹಲ್ಲಿನ ಮುಂಭಾಗ ಅರ್ಧ ಮಿಲಿಮೀಟರ್ ಆಸುಪಾಸು ಉಜ್ಜಿ, ಅಳತೆ ಲ್ಯಾಬ್‌ಗೆ ಹೋಗಿ, ಪಿಂಗಾಣಿ ತಯಾರಾಗಿ ಬರೋಕೆ ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಅಲ್ಲಿವರೆಗೆ ಹಲ್ಲು ಹಾಗೇ ಬಿಟ್ಟರೆ ತಣ್ಣೀರಿಗೂ ಜುಮ್ ಅನ್ನಬಹುದು.

ತಂಗಿಗೆ ಹಾಕಿದ ಟೆಂಪರರಿ ಅಕ್ರಿಲಿಕ್ ಅನ್ನೋ ಪ್ಲಾಸ್ಟಿಕ್‌ನದು. ಪುಡಿಗೆ ದ್ರವ ಹಾಕಿ ಕಲಸುತ್ತಾರೆ. ವಾಸನೆ ಘಾಟು, ಗಟ್ಟಿಯಾಗುವಾಗ ಬಿಸಿಯೂ ಆಗುತ್ತೆ. ಖರ್ಚು ಕಡಿಮೆ, ಅದು ನಿಜ. ಆದರೆ ಗಟ್ಟಿಯಾಗ್ತಾ ಸ್ವಲ್ಪ ಕುಗ್ಗುತ್ತೆ, ಅಂಚಿನಲ್ಲಿ ಸಂದು ಬೀಳುತ್ತೆ, ಶೇಂಗಾ ಹಿಂಡಿ (ಚಟ್ನಿಪುಡಿ) ತಿಂದರೆ ಪುಡಿಯೆಲ್ಲ ಅಲ್ಲೇ. ಕ್ಯಾಪ್ ಆದರೆ ಹಲ್ಲನ್ನು ಸುತ್ತ ಹಿಡಿಯುತ್ತೆ, ವಿನಿಯರ್ ಬರೀ ಮುಂದೆ ಅಂಟೋದು, ಹಾಗಾಗಿ ಅವಳದು ಒಂದು ಮತ್ತೆ ಮತ್ತೆ ಕಳಚಿತು. ಕೊನೆಗೆ ಆ ಹಲ್ಲಿಗೆ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಅನ್ನೇ ಕೈಯಲ್ಲಿ ತಿದ್ದಿ ಕೂರಿಸಿದರು. ಅದು ಚೆನ್ನಾಗಿತ್ತು, ಬಣ್ಣವೂ ಹೊಂದಿತು. ಒಂದು ಹಲ್ಲಿಗೆ ಅದೇ ಸರಿ, ಹಲವು ಹಲ್ಲಿಗೆ ಕೂತು ಮಾಡೋಕೂ ತೆಗೆಯೋಕೂ ಹೊತ್ತು ಹಿಡಿಯುತ್ತೆ.

ನನಗೆ ಬಿಸ್‌ಅಕ್ರಿಲ್ ಅನ್ನೋ ಪೇಸ್ಟ್. ಮೊದಲೇ ಮೇಣದಲ್ಲಿ ಹಲ್ಲಿನ ಆಕಾರ ಮಾಡಿ, ಅದರ ಅಚ್ಚು ಇಟ್ಟುಕೊಂಡಿರುತ್ತಾರೆ. ಗನ್ನಿಂದ ಅಚ್ಚಿಗೆ ಪೇಸ್ಟ್ ತುಂಬಿ ಹಲ್ಲಿನ ಮೇಲೆ ಒತ್ತಿದರೆ ಕೆಲವೇ ನಿಮಿಷದಲ್ಲಿ ಗಟ್ಟಿ. ಬಿಸಿ, ವಾಸನೆ ಅಷ್ಟಿಲ್ಲ. ಮೇಲಿನ ಅಂಟಂಟು ಪದರ ಸ್ಪಿರಿಟ್‌ನಲ್ಲಿ ಒರೆಸಿದರು, ಹೊಳಪು ಬಂತು. ಹಲ್ಲು ಸ್ವಲ್ಪ ಒರಟಾಗಿ ಪೇಸ್ಟ್ ಕಚ್ಚಿ ಹಿಡಿಯಲಿ ಅಂತ, ಮೊದಲೇ ಪ್ರತಿ ಹಲ್ಲಿನ ಮುಂಭಾಗದ ಮಧ್ಯದಲ್ಲಿ ಒಂದು ಚುಕ್ಕೆಯಷ್ಟು ಜಾಗಕ್ಕೆ ಮಾತ್ರ ಆಸಿಡ್ ಹಚ್ಚಿದ್ದರು.

ಇದರ ತೊಂದರೆ ಎಲ್ಲಾ ಹಲ್ಲು ಒಂದೇ ಪಟ್ಟಿಯಾಗಿರೋದು. ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ದಾರ ಒಳಗೆ ಇಳಿಯಲ್ಲ. ಒಸಡು ಕೆಂಪಗಾಗಿ ಬ್ರಷ್ ತಾಗಿದರೆ ರಕ್ತ ಬರತೊಡಗಿತು. ಇದನ್ನು ಹಗುರಾಗಿ ತಗೋಬೇಡಿ. ಅಸಲಿ ವಿನಿಯರ್ ಅಂಟಿಸುವ ದಿನ ಒಸಡಿಂದ ರಕ್ತ ಬಂದರೆ ಅಂಟು ಸರಿಯಾಗಿ ಹಿಡಿಯಲ್ಲ. ಹೋಗಿ ಹೇಳಿದೆ. ಡಾಕ್ಟರ್ ಸಣ್ಣ ಬರ್‌ನಿಂದ (ಕೊರೆಯುವ ಮೊನೆ) ಹಲ್ಲು ಹಲ್ಲಿನ ಮಧ್ಯೆ, ಒಸಡಿನ ಹತ್ತಿರ, ಪುಟ್ಟ ತ್ರಿಕೋನದಂಥ ಸಂದಿ ಬಿಡಿಸಿದರು. ಅಲ್ಲಿ ಸಣ್ಣ ಬ್ರಷ್ ಹೋಗತೊಡಗಿದ ಮೇಲೆ ರಕ್ತ ನಿಂತಿತು. ಟೆಂಪರರಿ ಹಾಕಿದ ದಿನವೇ ಈ ಸಂದಿ ಕೇಳಿ ಮಾಡಿಸಿಕೊಳ್ಳಿ.

ಅರಿಶಿನ, ಚಹಾದ ಬಣ್ಣ ಬೇಗ ಹಿಡಿಯುತ್ತೆ. ತೆಳ್ಳಗಿರೋದರಿಂದ ತುದಿ ಮುರಿಯುವ ಭಯವೂ ಇದೆ. "ಮುಂದಿನ ಹಲ್ಲಿಂದ ಖಡಕ್ ರೊಟ್ಟಿ ಕಡೀಬ್ಯಾಡ್ರಿ" ಅಂದಿದ್ದರು. ಪಲ್ಯದಲ್ಲಿ ನೆನೆಸಿ ದವಡೆಯಲ್ಲಿ ಅಗಿದೆ.

ಆದರೂ ನನ್ನ ಓಟು ಬಿಸ್‌ಅಕ್ರಿಲ್‌ಗೇ. ಆಕಾರ ಪರೀಕ್ಷೆ ಮಾಡೋಕೆ ಇದರಷ್ಟು ಒಳ್ಳೇದು ಇಲ್ಲ. 'ವ', 'ಫ' ಹೇಳುವಾಗ ತುದಿ ಕೆಳತುಟಿಯ ಒಳಗೆ ಒತ್ತುತ್ತಿತ್ತು. ಫೋನಲ್ಲಿ ಮಾತಾಡೋಕೂ ಕಿರಿಕಿರಿ. ಕೂದಲೆಳೆಯಷ್ಟು ಉಜ್ಜಿದರು, ಸರಿಹೋಯಿತು. ಆ ಆಕಾರದ ಅಳತೆಯನ್ನೇ ಮತ್ತೆ ಲ್ಯಾಬ್‌ಗೆ ಕಳಿಸಿದರು. ಪಿಂಗಾಣಿ ಬಂದ ಮೇಲೆ ಇಂಥದ್ದು ತಿದ್ದೋದು ಕಷ್ಟ ಅಲ್ವಾ?

ಇನ್ನೊಂದು. ಜುಮ್ ಅಂದರೆ ಮನೆಯವರು ಲವಂಗದೆಣ್ಣೆ ಹಚ್ಚು ಅಂತಾರೆ. ಬೇಡ. ಅದರಲ್ಲಿರುವ ಯೂಜಿನಾಲ್ ವಿನಿಯರ್ ಅಂಟು ಗಟ್ಟಿಯಾಗದಂತೆ ಮಾಡಬಹುದು, ಅದಕ್ಕೇ ತಂಗಿಯ ಡಾಕ್ಟರ್ ಯೂಜಿನಾಲ್ ಇಲ್ಲದ ಸಿಮೆಂಟ್ ಬಳಸಿದ್ದರು. ಟೆಂಪರರಿ ಕಳಚಿದರೆ ಫೆವಿಕ್ವಿಕ್ ಹಚ್ಚಬೇಡಿ. ಡಬ್ಬಿಯಲ್ಲಿಟ್ಟುಕೊಂಡು ಡಾಕ್ಟರ್ ಹತ್ತಿರ ಹೋಗಿ.