ಕೈಂಡ್ ಆಫ್ ಬ್ಲೂ: ಯಾವ ಮುದ್ರಣಕ್ಕೆ ದುಡ್ಡು, ಯಾವ ಕಛೇರಿಗೆ ಕಿವಿ

ಜಾಝ್ ಸಂಗ್ರಹಕ್ಕೆ ಇಳಿದವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಆಲ್ಬಂ ‘ಕೈಂಡ್ ಆಫ್ ಬ್ಲೂ’ಗೆ. ಮೊದಲು ಗೊಂದಲಕ್ಕೆ ಬೀಳುವುದೂ ಅಲ್ಲೇ. 1959ರ ಮೊನೊ (ಒಂದೇ ಚಾನೆಲ್ಲಿನ) ತಟ್ಟೆ, ಅಂದರೆ ರೆಕಾರ್ಡು, ಅದೇ ವರ್ಷದ ಸ್ಟೀರಿಯೊ, ಆಮೇಲಿನ ಮರುಮುದ್ರಣಗಳು, ಹಲವು ತಲೆಮಾರಿನ ಸಿಡಿಗಳು, ಈಗ ಸ್ಟ್ರೀಮಿಂಗ್. ಬೆಲೆಯೂ ಕೆಲವು ನೂರು ರೂಪಾಯಿಯಿಂದ ಹತ್ತಾರು ಸಾವಿರದವರೆಗೆ ಹಬ್ಬಿಕೊಂಡಿದೆ. ಇವನ್ನೆಲ್ಲ ಒಂದೇ ಕೋಣೆಯಲ್ಲಿ, ಒಂದೇ ಸ್ಪೀಕರಿನಲ್ಲಿ, ಒಂದರ ಹಿಂದೆ ಒಂದು ಹಾಕಿ ಕೇಳಿದರೆ ಲೆಕ್ಕಾಚಾರ ತಲೆಕೆಳಗಾಗುತ್ತದೆ. ಮೊದಲು ನೋಡಬೇಕಾದದ್ದು ತಟ್ಟೆಯ ವಯಸ್ಸಲ್ಲ, ತೂಕವಲ್ಲ, ಶ್ರುತಿ.

ಕಾರಣ ಹೀಗಿದೆ. ಈ ಆಲ್ಬಂ ಧ್ವನಿಮುದ್ರಣಗೊಂಡದ್ದು ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೊದಲ್ಲಿ, ಎರಡು ದಿನ: 1959ರ ಮಾರ್ಚ್ 2 ಮತ್ತು ಏಪ್ರಿಲ್ 22. ಮೊದಲ ದಿನದ ಮೂರು ತುಣುಕು (‘ಸೋ ವಾಟ್’, ‘ಫ್ರೆಡಿ ಫ್ರೀಲೋಡರ್’, ‘ಬ್ಲೂ ಇನ್ ಗ್ರೀನ್’) ಒಂದನೇ ಬದಿಗೆ ಹೋದವು. ಎರಡನೇ ದಿನದ ‘ಆಲ್ ಬ್ಲೂಸ್’, ‘ಫ್ಲಮೆಂಕೊ ಸ್ಕೆಚಸ್’ ಎರಡನೇ ಬದಿಗೆ. ಮಾರ್ಚ್ 2ರಂದು ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ನಿಧಾನವಾಗಿ ಹಿಡಿದ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಹಾಡು ವೇಗವಾಗುತ್ತದೆ, ಶ್ರುತಿ ಮೇಲೇರುತ್ತದೆ. ವ್ಯತ್ಯಾಸ ಸುಮಾರು ಶೇ. 1.25. ಒಂಬತ್ತು ನಿಮಿಷದ ತುಣುಕಿನಲ್ಲಿ ಏಳು ಸೆಕೆಂಡಿನಷ್ಟು, ಶ್ರುತಿಯಲ್ಲಿ ಅರ್ಧ ಸ್ವರದ ಐದನೇ ಒಂದು ಪಾಲು. ಕೇಳುತ್ತ ಕುಳಿತವರಿಗೆ ಇದು ತಿಳಿಯದೇ ಹೋಗಬಹುದು. ತಟ್ಟೆ ಹಾಕಿಕೊಂಡು ಜೊತೆಗೆ ಪಿಯಾನೊ ನುಡಿಸಲು ಕೂತವರಿಗೆ ಕೂಡಲೇ ಇರುಸುಮುರುಸಾಗುತ್ತದೆ. ಮೂರು ದಶಕಕ್ಕೂ ಹೆಚ್ಚು ಕಾಲ ಮಾರಾಟವಾದದ್ದೆಲ್ಲ ಈ ಏರಿದ ಶ್ರುತಿಯದ್ದೇ. ಅದೇ ದಿನ ಜೊತೆಯಲ್ಲಿ ಓಡುತ್ತಿದ್ದ ಇನ್ನೊಂದು ಯಂತ್ರದ ಕಾಪು (ಬ್ಯಾಕಪ್) ಟೇಪಿನಿಂದ 1992ರಲ್ಲಿ ಇದನ್ನು ಸರಿಪಡಿಸಿದರು.

ನಿಮ್ಮ ಕೈಯಲ್ಲಿರುವ ಪ್ರತಿ ಯಾವುದೆಂದು ತಿಳಿಯಲು ಹೊದಿಕೆಯ ಮೇಲಿನ ಮಾತನ್ನು ನಂಬಬೇಕಿಲ್ಲ. ಮನೆಯಲ್ಲಿ ಶ್ರುತಿ ಪೆಟ್ಟಿಗೆ ಇದ್ದರೆ ಸಾಕು, ಮೊಬೈಲಿನ ತಂಬೂರಿ ಆ್ಯಪ್ ಆದರೂ ಸರಿ. ಮೊದಲು ಎರಡನೇ ಬದಿಯ ‘ಆಲ್ ಬ್ಲೂಸ್’ ಹಾಕಿ. ಅದರ ಆಧಾರ ಷಡ್ಜ ಹಾರ್ಮೋನಿಯಂನ ಬಿಳಿ ಐದು. ಪೆಟ್ಟಿಗೆಯನ್ನು ಷಡ್ಜ-ಪಂಚಮಕ್ಕೆ ಇಟ್ಟು, ಸಣ್ಣ ತಿರುಪಿನಿಂದ ತಟ್ಟೆಗೆ ಸರಿಯಾಗಿ ಕೂಡಿಸಿ. ಆಮೇಲೆ ಪೆಟ್ಟಿಗೆಯನ್ನು ಮುಟ್ಟದೆ ಒಂದನೇ ಬದಿಯ ‘ಸೋ ವಾಟ್’ ಹಾಕಿ. ಅದರ ಆಧಾರ ಬಿಳಿ ಎರಡು, ಅಂದರೆ ನೀವು ಆಗಲೇ ಇಟ್ಟ ಪಂಚಮ. ಸರಿಪಡಿಸಿದ ಪ್ರತಿಯಾದರೆ ಎರಡೂ ಒಂದರೊಳಗೊಂದು ಕೂತುಕೊಳ್ಳುತ್ತವೆ. ಹಳೆಯದಾದರೆ ಮಧ್ಯಸ್ಥಾಯಿಯಲ್ಲಿ ಸೆಕೆಂಡಿಗೆ ಮೂರು-ನಾಲ್ಕು ಸಲ ನಾದ ತೊನೆಯುತ್ತದೆ. ಒಂದೇ ತಟ್ಟೆಯ ಎರಡು ಬದಿಗಳನ್ನು ಒಂದಕ್ಕೊಂದು ಹಿಡಿದು ನೋಡುವುದರಿಂದ, ನಿಮ್ಮ ಟರ್ನ್‌ಟೇಬಲ್ ತುಸು ವೇಗ ಅಥವಾ ನಿಧಾನವಾಗಿದ್ದರೂ ಪರೀಕ್ಷೆ ಕೆಡುವುದಿಲ್ಲ. ಒಂದು ಎಚ್ಚರ: ‘ಸೋ ವಾಟ್’ನ 32 ಆವರ್ತಗಳಲ್ಲಿ ಮೊದಲ 16 ಮಾತ್ರ ನೋಡಿ. 17ರಿಂದ 24ರವರೆಗೆ ಇಡೀ ತಂಡ ಅರ್ಧ ಸ್ವರ ಮೇಲಕ್ಕೆ ಹೋಗಿ ಮತ್ತೆ ಕೆಳಗಿಳಿಯುತ್ತದೆ. (ಎರಡೂ ಕಡೆ ಸ್ವರಗಳು ಖರಹರಪ್ರಿಯದವೇ. ಆದರೆ ಗಮಕ ಹುಡುಕಬೇಡಿ. ಇಲ್ಲಿ ಸಂಗತಿ ಬೇರೆಯೇ.)

ಟರ್ನ್‌ಟೇಬಲ್ಲಿನ ವೇಗವನ್ನೂ ಇದೇ ಹೊತ್ತಿಗೆ ನೋಡಿಬಿಡಿ, ಏಕೆಂದರೆ ಅಗ್ಗದ ಯಂತ್ರಗಳಲ್ಲಿ ಶೇ. 1ರ ತಪ್ಪು ಅಪರೂಪವಲ್ಲ. ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ, ಮುಳ್ಳು (ಸ್ಟೈಲಸ್) ಇಳಿಸಿಯೇ 100 ಸುತ್ತು ಎಣಿಸಿ. ಸರಿಯಾಗಿ 180 ಸೆಕೆಂಡ್ ಆಗಬೇಕು. 178ಕ್ಕೆ ಮುಗಿದರೆ ಯಂತ್ರವೇ ಶೇ. 1ರಷ್ಟು ಮೇಲಿದೆ. ಗೆರೆಗಳ ಸ್ಟ್ರೋಬ್ ಚಕ್ರ (ವೇಗ ಸರಿಯಿದ್ದರೆ ದೀಪದಡಿ ಗೆರೆಗಳು ನಿಂತಂತೆ ಕಾಣುತ್ತವೆ) ಇಡುವವರು 180 ಗೆರೆಯದ್ದನ್ನೇ ಇಡಬೇಕು, ನಮ್ಮ ಕರೆಂಟು 50 ಹರ್ಟ್ಸ್. 216 ಗೆರೆಯದ್ದು ಅಮೆರಿಕದ 60 ಹರ್ಟ್ಸಿಗೆ. ಎಲ್‌ಇಡಿ ಬಲ್ಬಿನಡಿ ಗೆರೆಗಳು ನಿಲ್ಲದಿದ್ದರೆ ಗಾಬರಿ ಬೇಡ. ಹಲವು ಎಲ್‌ಇಡಿಗಳು ಕರೆಂಟಿನ ತಾಳಕ್ಕೆ ಮಿನುಗುವುದೇ ಇಲ್ಲ, ಹಳೇ ಟ್ಯೂಬ್‌ಲೈಟಿನ ಕೆಳಗೆ ನೋಡಿ. ಅಮೆರಿಕದಿಂದ ಊರಿಗೆ ಬರುವಾಗ ಹಳೆಯ ಬೆಲ್ಟ್ ಡ್ರೈವ್ ಯಂತ್ರ ಹೊತ್ತು ತರುವವರಿಗೆ ಇನ್ನೊಂದು ಮಾತು: 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನಷ್ಟೇ ಇಳಿಸುತ್ತದೆ, ಹರ್ಟ್ಸನ್ನಲ್ಲ. ಕರೆಂಟಿನ ಹರ್ಟ್ಸಿಗೆ ತಕ್ಕಂತೆ ತಿರುಗುವ ಎಸಿ ಸಿಂಕ್ರೊನಸ್ ಮೋಟರ್ ಇದ್ದರೆ ತಟ್ಟೆ ನಿಮಿಷಕ್ಕೆ 33⅓ರ ಬದಲು ಸುಮಾರು 27.8 ಸುತ್ತು ತಿರುಗುತ್ತದೆ. 50 ಹರ್ಟ್ಸಿನ ಪುಲ್ಲಿ ಹುಡುಕಿ ಹಾಕಿ.

ಈಗ ಸಿಡಿಗಳು. 1987ರ ಸಿಡಿ (ಹೊದಿಕೆಗೆ ನೀಲಿ ಚೌಕಟ್ಟು ಇರುವ ‘ಕೊಲಂಬಿಯಾ ಜಾಝ್ ಮಾಸ್ಟರ್‌ಪೀಸಸ್’ ಸಾಲಿನದು) ಹಳೇ ಅಂಗಡಿಗಳಲ್ಲಿ ತೀರಾ ಅಗ್ಗ. ಒಂದನೇ ಬದಿಯ ಶ್ರುತಿ ಏರಿದ್ದೇ. ಧ್ವನಿಯೂ ನಮ್ಮ ಕಿವಿಗೆ ತೆಳು. ಪಾಲ್ ಚೇಂಬರ್ಸ್ ಅವರ ಡಬಲ್ ಬೇಸ್‌ಗೆ ಇರಬೇಕಾದ ಮರದ ಮೈ ಇಲ್ಲ. ಪುಕ್ಕಟೆ ಸಿಕ್ಕರೆ ಇಟ್ಟುಕೊಳ್ಳಿ. 1992ರ ಚಿನ್ನದ ಲೇಪದ ಸಿಡಿಯಲ್ಲಿ ಶ್ರುತಿ ಸರಿಯಾಗಿದೆ, ಆದರೆ ಸಂಗ್ರಹಕಾರರ ವಸ್ತುವಾಗಿಬಿಟ್ಟಿದೆ. ಚಿನ್ನಕ್ಕೂ ಧ್ವನಿಗೂ ಸಂಬಂಧವಿಲ್ಲ. 1997ರ ಸಿಡಿಯನ್ನು ಮೂಲದ ಮೂರು ಟ್ರ್ಯಾಕಿನ ಟೇಪಿನಿಂದ ಹೊಸದಾಗಿ ಮಿಕ್ಸ್ ಮಾಡಿದರು. ಶ್ರುತಿ ಸರಿ, ‘ಫ್ಲಮೆಂಕೊ ಸ್ಕೆಚಸ್’ನ ಇನ್ನೊಂದು ಟೇಕ್ (ಅದೇ ತುಣುಕನ್ನು ಮತ್ತೊಮ್ಮೆ ನುಡಿಸಿದ್ದು) ಕೂಡ ಸೇರಿದೆ. ಇದನ್ನೂ ಮೀರಿಸುವ ಖರೀದಿ ಎಂದರೆ 50ನೇ ವರ್ಷದ ನೆನಪಿಗೆ ಬಂದ ಎರಡು ಸಿಡಿಯ ಲೆಗಸಿ ಎಡಿಷನ್: ಸ್ಟುಡಿಯೊದ ಅರ್ಧಕ್ಕೆ ನಿಂತ ಟೇಕ್‌ಗಳು, ಇದೇ ತಂಡ 1958ರ ಮೇ 26ರಂದು ನುಡಿಸಿದ ತುಣುಕುಗಳು, ಜೊತೆಗೆ 1960ರ ಏಪ್ರಿಲ್ 9ರ ಹೇಗ್ ಕಛೇರಿಯ ಹದಿನೇಳು ನಿಮಿಷ ದಾಟಿದ ‘ಸೋ ವಾಟ್’. ಒಂದೇ ಒಂದು ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ಹೋಲಿಸುವಾಗ ಒಂದು ಶಿಸ್ತು ಬೇಕು. ಎರಡು ಮುದ್ರಣಗಳ ಸದ್ದು ಒಂದೇ ಮಟ್ಟಕ್ಕೆ ಬರಬೇಕು. ಅರ್ಧ ಡೆಸಿಬೆಲ್ ಹೆಚ್ಚಿದ್ದರೂ ಹೆಚ್ಚಿದ್ದದ್ದೇ ಚೆಂದ ಅನ್ನಿಸುತ್ತದೆ. ಸದ್ದು ಅಳೆಯುವ ಆ್ಯಪ್ ಇರುವ ಮೊಬೈಲನ್ನು ಕೂರುವ ಜಾಗದಲ್ಲೇ ಇಟ್ಟು ಅಳೆಯಿರಿ. ಕೇಳಬೇಕಾದ ಜಾಗವೂ ಒಂದೇ ಇರಲಿ. ‘ಸೋ ವಾಟ್’ನಲ್ಲಿ ಪಲ್ಲವಿಯಂಥ ಭಾಗ ಮುಗಿದು ಡೇವಿಸ್ ಅವರ ಟ್ರಂಪೆಟ್ ಒಂಟಿಯಾಗಿ ಏಳುವ ಕ್ಷಣಕ್ಕೆ ಡ್ರಮ್ಮರ್ ಜಿಮ್ಮಿ ಕಾಬ್ ಸಿಂಬಲ್ಲಿಗೆ ಒಂದು ಪೆಟ್ಟು ಕೊಡುತ್ತಾರೆ. ಪೆಟ್ಟನ್ನು ಬಿಡಿ, ಅದರ ಬಾಲವನ್ನು ಕೇಳಿ. ಒಳ್ಳೆಯ ಪ್ರತಿಯಲ್ಲಿ ಆ ಕಂಚಿನ ನಾದ ಟ್ರಂಪೆಟ್ಟಿನ ಮೊದಲ ಸ್ವರಗಳ ಹಿಂದೆ ನಿಧಾನ ಕರಗುವುದು ಗೊತ್ತಾಗುತ್ತದೆ. ಕೆಟ್ಟ ಪ್ರತಿಯಲ್ಲಿ ಅದು ‘ಚ್ಸ್’ ಎಂದು ಕತ್ತರಿಸಿದಂತೆ ನಿಲ್ಲುತ್ತದೆ, ಇಲ್ಲವೇ ತಟ್ಟೆಯ ಗರಗರದಲ್ಲಿ ಮುಳುಗುತ್ತದೆ.

ಮೂಲ ತಟ್ಟೆಗಳ ಮಾತಿಗೆ ಬಂದರೆ, ಮೊನೊದ ಸಂಖ್ಯೆ ಸಿಎಲ್ 1355, ಸ್ಟೀರಿಯೊದ್ದು ಸಿಎಸ್ 8163. ಮೊದಲ ಕಾಲದವಕ್ಕೆ ಲೇಬಲ್ಲಿನ ಎಡಕ್ಕೂ ಬಲಕ್ಕೂ ಮೂರು ಮೂರರಂತೆ ಆರು ‘ಕಣ್ಣು’ಗಳ ಗುರುತು. ಸ್ಟೀರಿಯೊದಲ್ಲಿ ಜಾನ್ ಕೋಲ್ಟ್ರೇನ್ ಅವರ ಟೆನರ್ ಸ್ಯಾಕ್ಸೊಫೋನ್ ಎಡಕ್ಕೆ, ಕ್ಯಾನನ್‌ಬಾಲ್ ಆಡರ್ಲಿ ಅವರ ಆಲ್ಟೊ ಬಲಕ್ಕೆ, ಡೇವಿಸ್ ನಡುವೆ. ಎರಡು ಸ್ಯಾಕ್ಸೊಫೋನ್‌ಗಳ ಜಗಳವಿಲ್ಲದ ವಾದ ಕೇಳಬೇಕೆಂದರೆ ಸ್ಟೀರಿಯೊವೇ ಬೇಕು. ಮೊನೊದಲ್ಲಿ ಎಲ್ಲರೂ ಒಂದೇ ಕಡೆಯಿಂದ ಬರುತ್ತಾರೆ, ಬೇಸ್ ಮತ್ತು ಡ್ರಮ್ ಹೆಚ್ಚು ಒಗ್ಗಟ್ಟಾಗಿ ನೂಕುತ್ತವೆ. ಹೆಡ್‌ಫೋನಿನವರಿಗೆ ಮೊನೊ ಹಿತ. ನಮ್ಮ ಆಯ್ಕೆ ಸ್ಟೀರಿಯೊ; ಅಭಿಪ್ರಾಯಭೇದಕ್ಕೆ ಜಾಗವಿದೆ.

ಆದರೆ ಮೊನೊ ತಟ್ಟೆ ಕೊಂಡು, ಮುಳ್ಳು ಕೂರುವ ಸ್ಟೀರಿಯೊ ಕಾರ್ಟ್ರಿಜ್‌ನಲ್ಲಿ ಹಾಗೇ ಹಾಕಿ ‘ಬರೀ ಗರಗರ’ ಎಂದು ದೂರುವವರು ಬಹಳ. ಮೊನೊ ಗೀರಿನಲ್ಲಿ ಸಂಗೀತ ಇರುವುದು ಅಡ್ಡ ಓಲಾಟದಲ್ಲಿ ಮಾತ್ರ. ಮೇಲೆ-ಕೆಳಗಿನ ಅಲುಗಾಟವೆಲ್ಲ ದೂಳು, ಸವೆತ. ಆಂಪ್ಲಿಫೈಯರಿನಲ್ಲಿ ಮೊನೊ ಗುಂಡಿ ಇದ್ದರೆ ಒತ್ತಿ. ಎರಡು ಚಾನೆಲ್ ಕೂಡಿದಾಗ ಮೇಲೆ-ಕೆಳಗಿನದು ಒಂದನ್ನೊಂದು ಹೊಡೆದುಹಾಕುತ್ತದೆ, ಗದ್ದಲ ಅರ್ಧಕ್ಕರ್ಧ ಇಳಿದಂತೆ ಕೇಳುತ್ತದೆ. ಆ ಕಾಲದ ಮೊನೊ ಗೀರು ಸುಮಾರು 25 ಮೈಕ್ರಾನ್ ಮುಳ್ಳಿಗೆಂದು ಕೊರೆದದ್ದು. ಹಿಂದಿನ ಒಡೆಯರ ದಪ್ಪ ಮುಳ್ಳು ಗೀರಿನ ಮೇಲ್ಭಾಗವನ್ನು ಸವೆಸಿರುತ್ತದೆ. ಹಾಗಾಗಿ ಸಣ್ಣ ತುದಿಯ ಎಲಿಪ್ಟಿಕಲ್ ಮುಳ್ಳು ಸವೆಯದ ಕೆಳಭಾಗವನ್ನು ಓದಿ ಕೆಲವೊಮ್ಮೆ ಅಚ್ಚರಿ ಹುಟ್ಟಿಸುತ್ತದೆ. ಆಡಿಯೊ-ಟೆಕ್ನಿಕಾ ವಿಎಂ95ಇ ಆದರೆ 2 ಗ್ರಾಂ ಭಾರ ಇಡಿ. ಗೀರಿಗೆ ನೋವಾಗದಿರಲೆಂದು 1 ಗ್ರಾಮಿಗೆ ಇಳಿಸುವುದು ತಪ್ಪು. ಮುಳ್ಳು ಗೋಡೆ ಬಿಟ್ಟು ಎಗರುತ್ತ ಹೆಚ್ಚು ಹಾನಿ ಮಾಡುತ್ತದೆ.

ಸವೆತ ಪತ್ತೆಗೆ ಒಂದನೇ ಬದಿಯ ಕೊನೆಯ ‘ಬ್ಲೂ ಇನ್ ಗ್ರೀನ್’ ಹಾಕಿ. ಅಂಚಿನಲ್ಲಿ ಗೀರು ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡಿದರೆ ಒಳಗೆ ಬರೀ 21. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುಂಬಿರುತ್ತದೆ. ಡೇವಿಸ್ ಇಲ್ಲಿ ಹಾರ್ಮನ್ ಮ್ಯೂಟ್ (ಟ್ರಂಪೆಟ್ಟಿನ ಬಾಯಿಗೆ ಸಿಕ್ಕಿಸಿ ನಾದ ತೆಳುವಾಗಿಸುವ ಸಾಧನ) ಹಾಕಿ ನುಡಿಸುತ್ತಾರೆ. ಸವೆದ ಪ್ರತಿಯಲ್ಲಿ ಆ ತೆಳು ನಾದಕ್ಕೆ ಹರಿದ ಕಾಗದದ ಅಂಚು ಬಂದಿರುತ್ತದೆ. ತೊಳೆದರೆ ಹೋಗುವುದು ದೂಳಿನ ಚಿಟಪಟ ಮಾತ್ರ, ಈ ಹರಕು ಹೋಗದು. ಮಾರುವವರಿಗೆ ಈ ತುಣುಕನ್ನೇ ನುಡಿಸಿ ಕಳುಹಿಸಲು ಹೇಳಿ, ಮೊದಲನೆಯದನ್ನಲ್ಲ.

ಮೊದಮೊದಲ ಪ್ರತಿಗಳಲ್ಲಿ ಎರಡನೇ ಬದಿಯ ಎರಡು ಹೆಸರು ಅದಲುಬದಲಾಗಿ ಅಚ್ಚಾಗಿವೆ. ಅದನ್ನು ತೋರಿಸಿ ಬೆಲೆ ಏರಿಸುವವರಿದ್ದಾರೆ. ಕುತೂಹಲಕ್ಕೆ ಸರಿ, ಕಿವಿಗೆ ಏನೂ ಲಾಭವಿಲ್ಲ.

ಹೊಸ ಮರುಮುದ್ರಣಗಳಲ್ಲಿ ‘180 ಗ್ರಾಂ’ ಎಂಬ ಸ್ಟಿಕ್ಕರಿಗೆ ಮರುಳಾಗಬೇಡಿ. ದಪ್ಪ ತಟ್ಟೆ ಬಾಗುವುದು ಕಡಿಮೆ, ಅಷ್ಟೇ. ಧ್ವನಿ ತೀರ್ಮಾನವಾಗುವುದು ಯಾವ ಟೇಪಿನಿಂದ, ಯಾರು ಗೀರು ಕೊರೆದರು ಎಂಬುದರಿಂದ. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕು 50 ವರ್ಷವಿದ್ದ ಹಳೇ ಕಾನೂನಿನಡಿಯೇ ಇದರ ರಕ್ಷಣೆ ಮುಗಿದುಹೋಗಿತ್ತು. ನಮ್ಮ ಕಾನೂನಿನ 60 ವರ್ಷವೂ 2019ಕ್ಕೆ ತೀರಿತು. ಹಾಗಾಗಿ ಮೂಲ ಟೇಪನ್ನು ಕಣ್ಣಿಂದಲೂ ನೋಡದವರು ಯಾವುದೋ ಸಿಡಿಯಿಂದ ತಟ್ಟೆ ಮಾಡಿ ಮಾರುತ್ತಾರೆ. ಹೊದಿಕೆಯಲ್ಲಿ ಮೂಲ ಸಂಖ್ಯೆಯಿಲ್ಲ, ಮಾಸ್ಟರಿಂಗ್ ಮಾಡಿದವರ ಹೆಸರಿಲ್ಲ, ಚಿತ್ರ ಬೇರೆ ಎಂದಾದರೆ ಅನುಮಾನಿಸಿ. ಸಿಡಿಯಿಂದ ಮಾಡಿದ ತಟ್ಟೆಗೆ ದುಡ್ಡು ಕೊಡುವ ಬದಲು ಸಿಡಿಯನ್ನೇ ಕೊಳ್ಳಬಹುದಲ್ಲ.

ಸ್ಟ್ರೀಮಿಂಗ್‌ನಲ್ಲೂ ಇಂಥ ನಕಲುಗಳು ಮೂಲದ ಪಕ್ಕದಲ್ಲೇ ಕೂತಿರುತ್ತವೆ. ಕೊಲಂಬಿಯಾ/ಲೆಗಸಿ ಎಂದಿರುವುದನ್ನು ಆರಿಸಿ, ವಾಲ್ಯೂಮ್ ಸಮ ಮಾಡುವ ಸೆಟ್ಟಿಂಗ್ ಆಫ್ ಮಾಡಿಬಿಡಿ, ಗುಣಮಟ್ಟ ಕುಗ್ಗಿಸದ ಲಾಸ್‌ಲೆಸ್ ಹಾಕಿ. ಧ್ವನಿಯ ಬಗ್ಗೆ ತಕರಾರಿಲ್ಲ.

ಇಷ್ಟಕ್ಕೆ ಉಳಿದ ದುಡ್ಡನ್ನು ಕಛೇರಿಗಳ ಮುದ್ರಣಕ್ಕೆ ಹಾಕಿ ಎಂಬುದು ನಮ್ಮ ಗಟ್ಟಿ ಸಲಹೆ. ಆರನೇ ‘ಕೈಂಡ್ ಆಫ್ ಬ್ಲೂ’ ಕೊಡದ್ದನ್ನು ಎರಡನೇ ‘ಸೋ ವಾಟ್’ ಕೊಡುತ್ತದೆ. ಎರಡು ಸ್ಟುಡಿಯೊ ದಿನಗಳ ನಡುವೆಯೇ, 1959ರ ಏಪ್ರಿಲ್ 2ರಂದು, ಟಿವಿಗಾಗಿ ನುಡಿಸಿದ್ದಿದೆ. ಆಡರ್ಲಿ ಅಂದು ಇರಲಿಲ್ಲ, ಪಿಯಾನೊದಲ್ಲಿ ಬಿಲ್ ಇವಾನ್ಸ್ ಬದಲು ವಿಂಟನ್ ಕೆಲ್ಲಿ. ಚಿತ್ರವಿರುವುದರಿಂದ ಯಾರು ಯಾವಾಗ ಹಿಂದೆ ಸರಿದು ನಿಲ್ಲುತ್ತಾರೆಂದು ಕಾಣುತ್ತದೆ, ಧ್ವನಿ ಟಿವಿಯದ್ದು. ತಟ್ಟೆಯಲ್ಲಿ ಇವಾನ್ಸ್ ಹಿಂದೆ ಮಂಜಿನಂತೆ ಹಾಸುವ ಸ್ವರಗುಚ್ಛಗಳ ಜಾಗದಲ್ಲಿ ಕೆಲ್ಲಿ ಲಯವನ್ನು ಕುಟ್ಟಿ ಮುಂದೂಡುತ್ತಾರೆ.

ಆದರೆ ಅಸಲಿ ಪೈಪೋಟಿ ಇರುವುದು 1960ರ ಮಾರ್ಚಿನ ಯುರೋಪ್ ಪ್ರವಾಸ ಮತ್ತು 1964ರ ನ್ಯೂಯಾರ್ಕ್ ಕಛೇರಿಯ ನಡುವೆ. ಪ್ರವಾಸದ್ದು ‘ದ ಫೈನಲ್ ಟೂರ್’ ಹೆಸರಲ್ಲಿ 2018ರಲ್ಲಿ ನಾಲ್ಕು ಸಿಡಿಯಾಗಿ ಬಂತು: 21ರಂದು ಪ್ಯಾರಿಸ್‌ನ ಒಲಿಂಪಿಯಾ, 22ರಂದು ಸ್ಟಾಕ್‌ಹೋಮ್, 24ರಂದು ಕೋಪನ್‌ಹೇಗನ್. ತಂಡ ಬಿಡುವ ಹೊಸ್ತಿಲಲ್ಲಿದ್ದ ಕೋಲ್ಟ್ರೇನ್ ಒಂದೇ ಪದಗುಚ್ಛವನ್ನು ಹಿಡಿದು ತಿರುವಿ, ಮುರಿದು, ಮತ್ತೆ ತಿರುವುತ್ತಾರೆ. ಪ್ಯಾರಿಸ್‌ನಲ್ಲಿ ಕೆಲವರು ಸಿಳ್ಳೆ ಹೊಡೆದು ವಿರೋಧಿಸಿದ್ದು ಮುದ್ರಣದಲ್ಲೇ ಕೇಳುತ್ತದೆ. ಮೊದಲ ಸಲ ಕೇಳುವವರು ಸ್ಟಾಕ್‌ಹೋಮ್‌ನಿಂದ ಆರಂಭಿಸಿ, ಪ್ಯಾರಿಸ್ ಆಮೇಲೆ.

1964ರ ಫೆಬ್ರವರಿ 12ರ ಫಿಲ್‌ಹಾರ್ಮೋನಿಕ್ ಹಾಲ್ ಕಛೇರಿಯನ್ನು ಎರಡು ಆಲ್ಬಂಗಳಾಗಿ ಒಡೆದರು: ನಿಧಾನದವು ‘ಮೈ ಫನ್ನಿ ವ್ಯಾಲೆಂಟೈನ್’ಗೆ, ವೇಗದವು ‘ಫೋರ್ ಆ್ಯಂಡ್ ಮೋರ್’ಗೆ. ಎರಡನೆಯದರ ‘ಸೋ ವಾಟ್’ ಸ್ಟುಡಿಯೊದ ಎರಡು ಪಟ್ಟಿನಷ್ಟು ವೇಗ. ಡ್ರಮ್ಮರ್ ಟೋನಿ ವಿಲಿಯಮ್ಸ್ ಅವರಿಗೆ ಆಗ ಹದಿನೆಂಟು; ಅವರ ಸಿಂಬಲ್ ಇಡೀ ತಂಡವನ್ನು ಎಳೆದೊಯ್ಯುತ್ತದೆ. ಕಾಲಿಗೆ ತಾಳ ಹಾಕಲಾಗದಿದ್ದರೆ ಎರಡು ಎಣಿಕೆಗೊಮ್ಮೆ ಹಾಕಿ, ಸರಿಹೋಗುತ್ತದೆ. ಧ್ವನಿ ಸ್ಪಷ್ಟ, ತುಸು ಹರಿತ. 1961ರ ಮೇ 19ರ ಕಾರ್ನೆಗಿ ಹಾಲ್‌ನದು ಇವೆರಡರ ನಡುವೆ ನಿಲ್ಲುತ್ತದೆ; ಗಿಲ್ ಇವಾನ್ಸ್ ಅವರ ವಾದ್ಯವೃಂದದ ಪೀಠಿಕೆಗಾಗಿ ಒಮ್ಮೆ ಕೇಳಲೇಬೇಕು, ಆದರೆ ಮುದ್ರಣ ಮೊನೊ, ಸಭಾಂಗಣದ ಗುಂಯ್‌ಗುಟ್ಟುವಿಕೆ ಹೆಚ್ಚು.

ಎರಡರಲ್ಲಿ ಒಂದೇ ಎಂದರೆ 1960ರದ್ದು. ಅದರಲ್ಲಿ ಬೇಸ್‌ನಲ್ಲಿ ಚೇಂಬರ್ಸ್, ಡ್ರಮ್‌ನಲ್ಲಿ ಕಾಬ್, 1959ರ ಕೈಗಳೇ ಇವೆ. ಹಾಗಾಗಿ ಏನು ಬದಲಾಯಿತು ಎಂಬುದನ್ನು ಆವರ್ತ ಆವರ್ತವಾಗಿ ತಾಳೆ ನೋಡಬಹುದು. 1964ಕ್ಕೆ ಡೇವಿಸ್ ಒಬ್ಬರ ಹೊರತು ಎಲ್ಲರೂ ಹೊಸಬರು.