ಮಡಿಕೇರಿಯಲ್ಲಿ ಕುಳಿತು ಆಸ್ಟ್ರೇಲಿಯಾದ ಕಡಲತೀರ ಆರಿಸಿಕೊಡುವ ಸಲಹಾ ಸೇವೆ: ಹದಿಹರೆಯದ ಮಕ್ಕಳಿರುವ ಮನೆಗೆ ಎಷ್ಟು ಪ್ರಯೋಜನ?

ವಲಸೆ ವೀಸಾದ ಅರ್ಜಿ ತುಂಬಿಕೊಡುವ ಸಂಸ್ಥೆಗಳು ಈಚೆಗೆ, ಯಾವ ಊರಿನಲ್ಲಿ ನೆಲೆಸಬೇಕೆಂಬ ಸಲಹೆಯನ್ನೂ ಪ್ರತ್ಯೇಕ ಸೇವೆಯಾಗಿ ಮಾರತೊಡಗಿವೆ. ಮಡಿಕೇರಿಯಲ್ಲಿ ಶಾಖಾ ಕಚೇರಿ ಇರುವ ಅಂಥದೊಂದು ಸಂಸ್ಥೆಯಿಂದ ನಮ್ಮ ಕುಟುಂಬ ಆಸ್ಟ್ರೇಲಿಯಾದ ಕರಾವಳಿ ಪ್ರದೇಶಗಳ ಕುರಿತು ವರದಿಯೊಂದನ್ನು ಪಡೆಯಿತು. ಲೋಪಗಳನ್ನೂ ಹೇಳಬೇಕಾಗಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಮಾದರಿಯ ವರದಿಯನ್ನು ಬೇರೆ ಕಚೇರಿಗಳೂ ಕೊಡುತ್ತವೆ, ಹಾಗಾಗಿ ವಿಮರ್ಶೆಯ ಉಪಯೋಗಕ್ಕೆ ಹೆಸರು ಅಡ್ಡಿಯಾಗಲಾರದು. ಪತ್ನಿ ನರ್ಸ್ ಆಗಿರುವುದರಿಂದ ವಯಸ್ಸು, ಓದು, ಅನುಭವಗಳಿಗೆ ಅಂಕ ಕೊಡುವ ಪಾಯಿಂಟ್ಸ್ ಆಧಾರಿತ ಕೌಶಲ ವೀಸಾಕ್ಕೆ ಆಕೆಯೇ ಮುಖ್ಯ ಅರ್ಜಿದಾರಳು. ಮಗನಿಗೆ ಹದಿನಾರು, ಮಗಳಿಗೆ ಹದಿಮೂರು. ಈ ಎರಡು ವಯಸ್ಸುಗಳನ್ನು ಮೊದಲ ಅರ್ಜಿ ನಮೂನೆಯಲ್ಲೇ ಬರೆದುಕೊಟ್ಟಿದ್ದೆವು.

ವರದಿ ಮೂರು ಪ್ರದೇಶಗಳನ್ನು ಸೂಚಿಸಿತು: ಕ್ವೀನ್ಸ್‌ಲ್ಯಾಂಡಿನ ಗೋಲ್ಡ್ ಕೋಸ್ಟ್, ನ್ಯೂ ಸೌತ್ ವೇಲ್ಸಿನ ವೊಲೊಂಗಾಂಗ್, ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದ ಉತ್ತರ ಬಡಾವಣೆಗಳು. ಅಚ್ಚುಕಟ್ಟಾದ ಮುದ್ರಣ, ನಕ್ಷೆಗಳು, ಬಾಡಿಗೆಯ ಅಂದಾಜು, ಆಸ್ಪತ್ರೆಗಳ ಪಟ್ಟಿ, ಕಡಲತೀರದ ಬಣ್ಣದ ಚಿತ್ರಗಳು ಎಲ್ಲವೂ ಇದ್ದವು. ವೀಸಾ ಕುರಿತ ಅಧ್ಯಾಯವನ್ನು ಬರೆದವರಿಗೆ ವಿಷಯ ಗೊತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ. 2019ರ ನವೆಂಬರಿನಿಂದ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ನಗರಗಳನ್ನು ಬಿಟ್ಟು ಉಳಿದ ಪ್ರದೇಶಗಳನ್ನೆಲ್ಲ ವಲಸೆಯ ಲೆಕ್ಕದಲ್ಲಿ ಪ್ರಾದೇಶಿಕವೆಂದು ಪರಿಗಣಿಸಲಾಗುತ್ತಿದೆ ಎಂಬುದನ್ನೂ, ಹಾಗಾಗಿ ಸೂಚಿಸಿದ ಮೂರೂ ಊರುಗಳು 491 ಎಂಬ ಪ್ರಾದೇಶಿಕ ವೀಸಾಕ್ಕೆ ಒಳಪಡುತ್ತವೆ ಎಂಬುದನ್ನೂ ಸರಿಯಾಗಿ ವಿವರಿಸಿದ್ದರು. ರಾಜ್ಯದ ನಾಮನಿರ್ದೇಶನದಿಂದ 190 ಎಂಬ ಕಾಯಂ ವೀಸಾಕ್ಕೆ 5 ಪಾಯಿಂಟ್ಸ್ ಸೇರಿದರೆ 491ಕ್ಕೆ 15 ಸೇರುತ್ತವೆ. ಪಾಯಿಂಟ್ಸ್ ಅಂಚಿನಲ್ಲಿರುವವರಿಗೆ ಈ ವ್ಯತ್ಯಾಸ ದೊಡ್ಡದೇ.

ಆದರೆ ವರದಿ ನಿಜವಾಗಿ ಸೋಲುವುದು ಇಲ್ಲಿಯೇ. 491 ತಾತ್ಕಾಲಿಕ ವೀಸಾ. ಅದರಡಿ ಪ್ರಾದೇಶಿಕ ಪ್ರದೇಶದಲ್ಲಿ ಕನಿಷ್ಠ ಮೂರು ವರ್ಷ ಕಳೆದ ಬಳಿಕವಷ್ಟೇ 191 ಎಂಬ ಕಾಯಂ ವೀಸಾಕ್ಕೆ ಅರ್ಜಿ ಹಾಕಬಹುದು. ಹದಿಮೂರರ ಮಗಳಿಗೆ ಇದು ಸಮಸ್ಯೆಯಲ್ಲ. ಆಕೆ ಹನ್ನೆರಡನೇ ತರಗತಿ ಮುಗಿಸುವ ಹೊತ್ತಿಗೆ ಕಾಯಂ ವೀಸಾ ಕೈಗೆ ಬಂದಿರಲು ಸಾಕಷ್ಟು ಸಮಯವಿದೆ. ಹದಿನಾರರ ಮಗ ಮಾತ್ರ ತಾತ್ಕಾಲಿಕ ನಿವಾಸಿಯಾಗಿಯೇ ವಿಶ್ವವಿದ್ಯಾಲಯದ ಬಾಗಿಲಿಗೆ ಹೋಗುತ್ತಾನೆ, ಮತ್ತು ತಾತ್ಕಾಲಿಕ ನಿವಾಸಿಗೆ ಅಲ್ಲಿನ ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿಯ ಶುಲ್ಕವನ್ನೇ ಹಾಕುತ್ತವೆ. 190ರಲ್ಲಿ ಹೋದರೆ ಮೊದಲ ದಿನದಿಂದಲೇ ಕಾಯಂ ನಿವಾಸಿ, ಆದ್ದರಿಂದ ಸರ್ಕಾರ ಒಂದು ಪಾಲು ಭರಿಸುವ ಸೀಟಿಗೆ ಅರ್ಹ. ಆದರೂ ಶುಲ್ಕದ ಉಳಿದ ಪಾಲನ್ನು ಆಗಲೇ ಕಟ್ಟಬೇಕು, ಏಕೆಂದರೆ ದುಡಿಯತೊಡಗಿದ ಮೇಲೆ ತೀರಿಸುವ ಸರ್ಕಾರಿ ಸಾಲ ಮುಖ್ಯವಾಗಿ ಪೌರರಿಗೆ ಸಿಗುವಂಥದು. ಪೌರತ್ವಕ್ಕೆ ಸಾಮಾನ್ಯವಾಗಿ ನಾಲ್ಕು ವರ್ಷಗಳ ವಾಸ ಬೇಕು, ಅದರಲ್ಲಿ ಕೊನೆಯ ಹನ್ನೆರಡು ತಿಂಗಳಾದರೂ ಕಾಯಂ ನಿವಾಸಿಯಾಗಿರಬೇಕು. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಒಂದೇ ವೀಸಾ ಇಷ್ಟು ಬೇರೆ ಬೇರೆ ಫಲ ಕೊಡುತ್ತದೆ. ವರದಿಯ ಒಂದು ಅಧ್ಯಾಯದಲ್ಲಿ ವೀಸಾ, ಇನ್ನೊಂದರಲ್ಲಿ ವಿಶ್ವವಿದ್ಯಾಲಯಗಳ ಹೆಸರುಗಳು ಇದ್ದವೇ ಹೊರತು ಎರಡನ್ನೂ ಮಕ್ಕಳ ವಯಸ್ಸಿನ ಮೇಲೆ ಇಟ್ಟು ನೋಡಿದ ಒಂದು ಸಾಲೂ ಇರಲಿಲ್ಲ. ಕಡಲತೀರವನ್ನು ಆರಿಸುವ ಮೊದಲು ಹಿರಿಯ ಮಗುವಿನ ಹದಿನೆಂಟನೇ ವರ್ಷ ಯಾವ ವೀಸಾದಲ್ಲಿ ಬೀಳುತ್ತದೆ ಎಂದು ನೋಡುವುದು ಈ ಸೇವೆಯ ಮೊದಲ ಪುಟವಾಗಬೇಕಿತ್ತು.

ಎರಡನೆಯದು ಶಾಲಾ ವರ್ಷದ ಲೆಕ್ಕ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮಾರ್ಚ್–ಏಪ್ರಿಲ್ ಸುಮಾರಿಗೆ ಮುಗಿಯುತ್ತದೆ. ಆಸ್ಟ್ರೇಲಿಯಾದ ಶಾಲಾ ವರ್ಷ ಜನವರಿಯ ಕೊನೆಗೆ ಅಥವಾ ಫೆಬ್ರವರಿಯ ಆರಂಭಕ್ಕೆ ಶುರುವಾಗಿ ಡಿಸೆಂಬರಿನಲ್ಲಿ ಮುಗಿಯುತ್ತದೆ. ಪರೀಕ್ಷೆ ಬರೆದ ಕೂಡಲೇ ಹೊರಟ ಮಗು ಅಲ್ಲಿ ಹತ್ತನೇ ತರಗತಿಯ ನಡುವಿಗೆ ಸೇರಿ ಉಳಿದ ತಿಂಗಳುಗಳಲ್ಲಿ ಭಾಷೆಯ ಧಾಟಿ, ಪಾಠದ ಕ್ರಮ, ಗೆಳೆತನಗಳಿಗೆ ಹೊಂದಿಕೊಂಡು ಮುಂದಿನ ಜನವರಿಗೆ ಹನ್ನೊಂದಕ್ಕೆ ಹೋಗಬಹುದು. ಪ್ರಥಮ ಪಿಯುಸಿಯ ನಡುವೆ ಹೊರಟರೆ ಕಷ್ಟ ಹೆಚ್ಚು. ಹನ್ನೊಂದು ಮತ್ತು ಹನ್ನೆರಡನೇ ತರಗತಿಗಳಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಪ್ರಮಾಣಪತ್ರ, ತನ್ನದೇ ವಿಷಯ ವಿಂಗಡಣೆ ಇದೆ. ನ್ಯೂ ಸೌತ್ ವೇಲ್ಸಿನಲ್ಲಿ ಹನ್ನೆರಡನೇ ತರಗತಿಯ ಪಾಠಗಳು ಹಿಂದಿನ ವರ್ಷದ ಅಕ್ಟೋಬರಿನಲ್ಲೇ ಆರಂಭವಾಗುತ್ತವೆ. ಹಾಗಾಗಿ 'ಮೊದಲು ಗೋಲ್ಡ್ ಕೋಸ್ಟಿನಲ್ಲಿ ಇಳಿಯಿರಿ, ಹಿಡಿಸದಿದ್ದರೆ ವರ್ಷದೊಳಗೆ ವೊಲೊಂಗಾಂಗಿಗೆ ಬದಲಾಯಿಸಿ' ಎಂಬ ವರದಿಯ ಸಲಹೆ ಪುಟ್ಟ ಮಕ್ಕಳಿರುವವರಿಗೆ ಸರಿಹೋದೀತು. ನಾಮನಿರ್ದೇಶನ ಮಾಡಿದ ರಾಜ್ಯವನ್ನು ಅಷ್ಟು ಬೇಗ ಬಿಡುವುದು ಸರಿಯೇ ಎಂಬ ಪ್ರಶ್ನೆ ಬೇರೆಯೇ ಇದೆ. ಅದನ್ನು ಬದಿಗಿಟ್ಟರೂ ಹದಿನಾರರ ಹುಡುಗನಿರುವ ಮನೆಗೆ ಅದು ಕೆಟ್ಟ ಸಲಹೆ.

ಶಾಲೆಗಳನ್ನು ಅಳೆದ ಕ್ರಮವೂ ಒಪ್ಪುವಂಥದಲ್ಲ. 'ಮೈ ಸ್ಕೂಲ್' ಎಂಬ ಸರ್ಕಾರಿ ಜಾಲತಾಣ 2010ರಿಂದ ಅಲ್ಲಿನ ಶಾಲೆಗಳ ವಿವರವನ್ನು ಉಚಿತವಾಗಿ ಕೊಡುತ್ತಿದೆ. ಅದರಲ್ಲಿ ಇಕ್ಸಿಯಾ ಎಂಬ ಸೂಚ್ಯಂಕವಿದೆ, ಸರಾಸರಿ 1000. ನಮ್ಮ ಸಲಹೆಗಾರರು ಆ ಸಂಖ್ಯೆಯನ್ನೇ ಶಾಲೆಯ ರ‍್ಯಾಂಕ್ ಎಂದು ಭಾವಿಸಿ ಮೇಲಿನಿಂದ ಕೆಳಕ್ಕೆ ಪಟ್ಟಿ ಮಾಡಿಕೊಟ್ಟಿದ್ದರು. ಅದು ಅಳೆಯುವುದು ಪಾಠದ ಗುಣಮಟ್ಟವನ್ನಲ್ಲ, ವಿದ್ಯಾರ್ಥಿಗಳ ಹೆತ್ತವರ ಓದು, ಉದ್ಯೋಗ ಮುಂತಾದ ಹಿನ್ನೆಲೆಯನ್ನು. ನೋಡಬೇಕಾದದ್ದು ಮೂರು, ಐದು, ಏಳು, ಒಂಬತ್ತನೇ ತರಗತಿಗಳಿಗೆ ನಡೆಯುವ ನ್ಯಾಪ್ಲಾನ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಅದೇ ಹಿನ್ನೆಲೆಯ ಬೇರೆ ಶಾಲೆಗಳಿಗಿಂತ ಈ ಶಾಲೆ ಮುಂದಿದೆಯೋ ಹಿಂದಿದೆಯೋ ಎಂಬುದನ್ನು, ಜೊತೆಗೆ ಹನ್ನೊಂದರಲ್ಲಿ ಮಗನಿಗೆ ಬೇಕಾದ ವಿಷಯಗಳನ್ನು ಅಲ್ಲಿ ಕಲಿಸುತ್ತಾರೆಯೇ ಎಂಬುದನ್ನು. ಪ್ರಶ್ನಿಸಿದಾಗ ಪಟ್ಟಿಯನ್ನು ತಿದ್ದಿ ಕಳಿಸಿದರು, ಅಷ್ಟರಮಟ್ಟಿಗೆ ವಿನಯವಂತರು. ಸರ್ಕಾರಿ ಶಾಲೆಗಳಲ್ಲಿ ಪ್ರವೇಶ ಬಹುಮಟ್ಟಿಗೆ ಮನೆಯ ವಿಳಾಸವನ್ನು ಅವಲಂಬಿಸಿದೆ, ಆದ್ದರಿಂದ ಬಾಡಿಗೆ ಮನೆ ಹುಡುಕುವ ಮೊದಲೇ ಶಾಲೆ ಗೊತ್ತಾಗಿರಬೇಕು ಎಂಬ ಮಾತನ್ನು ಮಾತ್ರ ಅವರು ಒತ್ತಿ ಹೇಳಿದ್ದರು. ಇದು ಈ ವರದಿಯ ಅತ್ಯಂತ ಬೆಲೆಬಾಳುವ ಪುಟ. ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲೂ ಶುಲ್ಕವಿದೆಯೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ, ವೀಸಾದಿಂದ ವೀಸಾಕ್ಕೆ ಬದಲಾಗುತ್ತದೆ ಎಂಬ ಎಚ್ಚರಿಕೆಯೂ ಅದೇ ಪುಟದಲ್ಲಿತ್ತು.

ಇನ್ನು ಊರುಗಳ ವಿಷಯ. ದೊಡ್ಡವರು ಕಡಲತೀರವೆಂದರೆ ನೀರು ಕಾಣುವ ಕಿಟಕಿಯನ್ನು ಯೋಚಿಸುತ್ತಾರೆ. ಹದಿಹರೆಯದವರಿಗೆ ಬೇಕಾದದ್ದು ಅಪ್ಪನ ಕಾರನ್ನು ಕಾಯದೆ ಹೋಗಿ ಬರುವ ದಾರಿ. ಗೋಲ್ಡ್ ಕೋಸ್ಟಿನ ರೈಲು ಮಾರ್ಗ ಸಮುದ್ರದಿಂದ ಒಳಗೆ ಹಾದುಹೋಗುತ್ತದೆ, ಆದರೆ ಹೆಲೆನ್ಸ್‌ವೇಲ್ ನಿಲ್ದಾಣದಿಂದ ಬ್ರಾಡ್‌ಬೀಚ್‌ವರೆಗೆ ಟ್ರಾಮ್ ಇದೆ, ಗ್ರಿಫಿತ್ ವಿಶ್ವವಿದ್ಯಾಲಯವೂ ಆ ದಾರಿಯಲ್ಲೇ ಸಿಗುತ್ತದೆ. 2024ರ ಆಗಸ್ಟಿನಿಂದ ಕ್ವೀನ್ಸ್‌ಲ್ಯಾಂಡಿನ ಸಾರ್ವಜನಿಕ ಸಾರಿಗೆಯಲ್ಲಿ ಒಂದು ಪ್ರಯಾಣಕ್ಕೆ 50 ಸೆಂಟ್ ದರ. ಟ್ರಾಮ್ ದಾರಿಯಿಂದ ದೂರದ ಬಡಾವಣೆಯಲ್ಲಿ ಮನೆ ಹಿಡಿದರೆ ಈ ಅನುಕೂಲ ಕೈತಪ್ಪುತ್ತದೆ, ಮತ್ತು ವರದಿ ತೋರಿಸಿದ ಕಡಿಮೆ ಬಾಡಿಗೆಯ ಮನೆಗಳು ಹೆಚ್ಚಾಗಿ ಅಂಥ ಕಡೆಯವೇ. ಪರ್ತ್‌ನ ಉತ್ತರದ ಜೂಂಡಲಪ್ ಕಡೆ ರೈಲು ಚೆನ್ನಾಗಿದೆ, ಅಲ್ಲೇ ಎಡಿತ್ ಕೋವನ್ ವಿಶ್ವವಿದ್ಯಾಲಯವಿದೆ. ಪರ್ತ್‌ಗೂ ನಮಗೂ ಎರಡೂವರೆ ಗಂಟೆಯಷ್ಟೇ ಅಂತರ. ಸಂಜೆ ಐನ್‌ಮನೆಯ ಅಜ್ಜಿಗೆ ಕರೆ ಮಾಡಲು ಮಕ್ಕಳು ನಿದ್ದೆಗೆಡಬೇಕಿಲ್ಲ. ಸಿಡ್ನಿ ಕಡೆಯಾದರೆ ಅಂತರ ನಾಲ್ಕೂವರೆ ಗಂಟೆ, ಅಲ್ಲಿನ ಬೇಸಿಗೆಯಲ್ಲಿ ಐದೂವರೆ. ಆದರೆ ಬೆಂಗಳೂರಿನಿಂದ ನೇರ ವಿಮಾನ ಆರಂಭವಾದದ್ದು ಸಿಡ್ನಿಗೆ, 2022ರಲ್ಲಿ.

ವೊಲೊಂಗಾಂಗ್ ಬಗ್ಗೆ ಕೊಡಗಿನವರು ಬೇರೆಯೇ ಕಣ್ಣಿನಿಂದ ನೋಡಬೇಕಾದ ಒಂದು ಸಂಗತಿಯಿದೆ. ಊರಿನ ಬೆನ್ನಿಗೇ ಕಡಿದಾದ ಇಲವಾರಾ ಬೆಟ್ಟಸಾಲು, ಎದುರಿಗೆ ಸಮುದ್ರ, ನಡುವೆ ಕಿರಿದಾದ ಬಯಲು. ಬೆಟ್ಟದ ಬುಡದಲ್ಲಿ ಹಾದುಹೋಗುತ್ತಿದ್ದ ಕರಾವಳಿ ರಸ್ತೆಯನ್ನು ಬಂಡೆಗಳು ಉರುಳುತ್ತಿದ್ದ ಕಾರಣಕ್ಕೆ 2003ರಲ್ಲಿ ಮುಚ್ಚಿ, 2005ರ ಕೊನೆಗೆ ಸಮುದ್ರದ ಮೇಲೆಯೇ ಸೇತುವೆ ಕಟ್ಟಿ ದಾರಿಯನ್ನು ಬಂಡೆಯಿಂದ ದೂರ ಸರಿಸಿದರು. ಪ್ರವಾಸಿಗರು ಫೋಟೊ ತೆಗೆದುಕೊಳ್ಳುವ ಸೀ ಕ್ಲಿಫ್ ಸೇತುವೆ ಅದೇ. ವರದಿಯಲ್ಲಿ ಅದರ ಚಿತ್ರವಿತ್ತು, ಕಾರಣವಿರಲಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಜಾರಿದ್ದನ್ನು, ಸಂಪಾಜೆ ಘಾಟಿ ಮುಚ್ಚಿದ್ದನ್ನು ಕಂಡ ಜಿಲ್ಲೆಯ ಗ್ರಾಹಕರಿಗೆ ಮಡಿಕೇರಿಯಲ್ಲೇ ಕುಳಿತು ವರದಿ ಬರೆಯುವವರು ಇಳಿಜಾರಿನ ಮಾತನ್ನು ಬಿಟ್ಟದ್ದು ಆಶ್ಚರ್ಯ. ಇಷ್ಟಾಗಿಯೂ ನಾನು ಈ ಊರನ್ನು ಕೈಬಿಡುವುದಿಲ್ಲ: ವಿಶ್ವವಿದ್ಯಾಲಯ ಊರಿನಲ್ಲೇ ಇದೆ, ಸಿಡ್ನಿಗೆ ನೇರ ರೈಲಿದೆ, ಬಯಲಿನಲ್ಲಿ ವಾಸಯೋಗ್ಯ ಬಡಾವಣೆಗಳು ಬೇಕಾದಷ್ಟಿವೆ. ಮನೆಯ ವಿಳಾಸವನ್ನು ಸ್ಥಳೀಯ ಆಡಳಿತದ ನೆರೆ ಮತ್ತು ಭೂಕುಸಿತದ ಮಾಹಿತಿಯೊಂದಿಗೆ ಹೋಲಿಸಿ ನೋಡಿದರಾಯಿತು.

ಸಮುದ್ರವೇ ಈ ಆಯ್ಕೆಯ ಕೇಂದ್ರವಾಗಿದ್ದರೂ ವರದಿಯಲ್ಲಿ ಅದು ಬರೀ ಚಿತ್ರವಾಗಿ ಉಳಿದಿದೆ. ನಮ್ಮ ಮಕ್ಕಳು ಹೊಳೆಯಲ್ಲಿ ಈಜಿದವರು. ಪಣಂಬೂರಿಗೋ ಕಣ್ಣೂರಿಗೋ ರಜೆಯಲ್ಲಿ ಹೋದಾಗ ಮೊಣಕಾಲುಮಟ್ಟದ ನೀರು ಕಂಡವರು. ದಡದಿಂದ ಒಳಕ್ಕೆ ಸೆಳೆಯುವ ನೀರಿನ ಹರಿವು, ಅಲೆಗಳ ನಡುವೆ ಪ್ರಶಾಂತವಾಗಿ ಕಾಣುವ ಜಾಗವೇ ಹೆಚ್ಚಾಗಿ ಅಪಾಯದ ಜಾಗವೆಂಬುದು, ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕೆಂಬ ನಿಯಮ, ಇವನ್ನು ಹುಟ್ಟಿನಿಂದ ಅಲ್ಲಿ ಬೆಳೆದ ಮಕ್ಕಳು ಐದನೇ ವಯಸ್ಸಿಗೇ ನಿಪ್ಪರ್ಸ್ ಎಂಬ ಮಕ್ಕಳ ಜೀವರಕ್ಷಕ ತಂಡಗಳಲ್ಲಿ ಕಲಿಯುತ್ತಾರೆ. ಹದಿಹರೆಯದಲ್ಲಿ ಹೋದವರಿಗೆ ಆ ಬಾಲಪಾಠ ತಪ್ಪಿರುತ್ತದೆ, ಗೆಳೆಯರೆದುರು ಹಿಂಜರಿಯಲಾಗದ ವಯಸ್ಸು ಬೇರೆ. ಜೀವರಕ್ಷಕರ ಸಂಘಗಳಲ್ಲಿ ಹದಿಮೂರಕ್ಕೆ ಒಂದು, ಹದಿನೈದಕ್ಕೆ 'ಬ್ರಾಂಜ್ ಮೆಡಾಲಿಯನ್' ಎಂಬ ಇನ್ನೊಂದು ತರಬೇತಿ ಪ್ರಮಾಣಪತ್ರವಿದ್ದು, ಕಲಿಕೆಗೂ ಗೆಳೆತನಕ್ಕೂ ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಯಾವ ತೀರದಲ್ಲಿ ಕಾವಲಿದೆ, ಯಾವುದು ಎಷ್ಟು ಅಪಾಯಕರ ಎಂಬುದನ್ನು 'ಬೀಚ್‌ಸೇಫ್' ಆ್ಯಪ್ ಉಚಿತವಾಗಿ ತಿಳಿಸುತ್ತದೆ. ಉತ್ತರ ಕ್ವೀನ್ಸ್‌ಲ್ಯಾಂಡಿನ ಕೇನ್ಸ್, ಟೌನ್ಸ್‌ವಿಲ್ ಕಡೆಯ ತೀರಗಳಲ್ಲಿ ಸುಮಾರು ನವೆಂಬರಿನಿಂದ ಮೇವರೆಗೆ ವಿಷದ ಅಂಬಲಿ ಮೀನುಗಳ (ಜೆಲ್ಲಿಫಿಶ್) ಕಾಟ, ಮೊಸಳೆಗಳ ಭಯ ಇರುವುದರಿಂದ ಆ ಭಾಗವನ್ನು ಪಟ್ಟಿಯಿಂದ ಕೈಬಿಟ್ಟದ್ದು ಸರಿಯಾದ ನಿರ್ಧಾರ.

ಆಟದ ಮಾತನ್ನು ಕೊಡಗಿನ ಮನೆಗಳಿಗೆ ಬಿಡಿಸಿ ಹೇಳಬೇಕಿಲ್ಲ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಶುರುವಾದ ಮೇಲೆ ಹುಟ್ಟಿ ಬೆಳೆದ ಮಕ್ಕಳು ಬೇಸಿಗೆ ರಜೆಯನ್ನು ಅಳೆಯುವುದೇ ಅದರಿಂದ. ಸ್ಟಿಕ್ ಹಿಡಿದು ಹೋದ ಹುಡುಗನಿಗೆ ಹೊಸ ಊರಿನಲ್ಲಿ ಮೊದಲ ಗೆಳೆಯರು ಸಿಗುವುದು ತರಗತಿಯಲ್ಲಲ್ಲ, ಮೈದಾನದಲ್ಲಿ. ಆಸ್ಟ್ರೇಲಿಯಾದಲ್ಲಿ ಹಾಕಿ ಹೆಚ್ಚಾಗಿ ಕ್ಲಬ್ಬುಗಳ ಆಟ, ಋತು ಸುಮಾರು ಏಪ್ರಿಲಿನಿಂದ ಸೆಪ್ಟೆಂಬರ್. ಪರ್ತ್ ಬಹುಕಾಲದಿಂದ ರಾಷ್ಟ್ರೀಯ ತಂಡಗಳ ತರಬೇತಿಯ ನೆಲೆಯಾಗಿದ್ದ ಊರು. ನಮ್ಮ ಮಗನ ಮಟ್ಟಿಗೆ ಮೂರು ಊರುಗಳ ಪೈಕಿ ಪರ್ತ್ ಮುಂದೆ ಬಂದದ್ದು ಇದೊಂದೇ ಕಾರಣಕ್ಕೆ ಎಂದರೂ ನಡೆದೀತು, ಆದರೆ ವರದಿಯ 'ಕ್ರೀಡೆ' ಭಾಗದಲ್ಲಿ ಸರ್ಫಿಂಗ್ ಮತ್ತು ಗಾಲ್ಫ್ ಮಾತ್ರ ಇದ್ದವು. ಮಗಳ ಪ್ರಶ್ನೆ ಬೇರೆಯಾಗಿತ್ತು: 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದವರು ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಮುಂತಾದವುಗಳಲ್ಲಿ ಖಾತೆ ಹೊಂದದಂತೆ ಅಲ್ಲಿ ಕಾನೂನಿದೆ, ಇಲ್ಲಿನ ಗೆಳತಿಯರ ಜೊತೆ ಮಾತಾಡುವುದು ಹೇಗೆ? ವಾಟ್ಸ್‌ಆ್ಯಪ್ ಆ ಪಟ್ಟಿಯಲ್ಲಿಲ್ಲ ಎಂಬ ಉತ್ತರವನ್ನು ಸಲಹೆಗಾರರು ತಕ್ಷಣ ಕೊಟ್ಟರು, ಅದು ಸರಿಯೂ ಹೌದು.

ತೋಟವಿರುವವರು ಇನ್ನೊಂದನ್ನು ಕೇಳಿಕೊಳ್ಳಬೇಕು. ಅನಿವಾಸಿಯಾದ ಬಳಿಕ, ಹಾಗೆಯೇ ಮುಂದೆ ಅಲ್ಲಿನ ಪೌರತ್ವ ಪಡೆದು, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡಿನ ಮೇಲೆ ಬಂದುಹೋಗುವಾಗ, ಇಲ್ಲಿ ಕೃಷಿಭೂಮಿಯನ್ನೋ ಕಾಫಿ ತೋಟವನ್ನೋ ಸಾಮಾನ್ಯವಾಗಿ ಕೊಳ್ಳುವಂತಿಲ್ಲ, ವಾರಸುದಾರಿಕೆಯಿಂದ ಪಡೆಯಬಹುದು. ಮಕ್ಕಳ ಹೆಸರಿನಲ್ಲಿ ತೋಟ ಕೊಳ್ಳುವ ಯೋಚನೆ ಇದ್ದವರಿಗೆ ಹೊರಡುವ ಮುನ್ನವೇ ಇದು ತಿಳಿದಿರಬೇಕು, ಸಲಹಾ ಕಚೇರಿಗಳು ಇದನ್ನು ತಮ್ಮ ಕೆಲಸವೆಂದು ಭಾವಿಸುವುದಿಲ್ಲ.

ಶುಲ್ಕ ಎರಡು ಕಂತುಗಳಲ್ಲಿ: ಮೊದಲನೆಯದು ಒಪ್ಪಂದದ ದಿನ, ಎರಡನೆಯದು ವರದಿಯ ಕರಡು ಬಂದಾಗ. ರಸೀದಿ ಕೊಡುತ್ತಾರೆ, ಫೋನ್ ಎತ್ತುತ್ತಾರೆ, ಮಾತು ಮರ್ಯಾದೆಯಿಂದ ಕೂಡಿರುತ್ತದೆ. ಆಸ್ಟ್ರೇಲಿಯಾದೊಳಗೆ ವಲಸೆ ಸಲಹೆ ಕೊಡುವ ಏಜೆಂಟರು ಅಲ್ಲಿನ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡು ಏಳಂಕಿಯ ಸಂಖ್ಯೆ ಪಡೆದಿರಬೇಕು. ಹೊರದೇಶದಲ್ಲಿ ಕುಳಿತವರಿಗೆ ಆ ಕಡ್ಡಾಯವಿಲ್ಲ. ನಾವು ಕೇಳಿದ ಮೇಲೆ ಬೆಂಗಳೂರಿನ ಮುಖ್ಯ ಕಚೇರಿ ಅಂಥ ಒಂದು ಸಂಖ್ಯೆಯನ್ನು ಕೊಟ್ಟಿತು, ಪ್ರಾಧಿಕಾರದ ಸಾರ್ವಜನಿಕ ಪಟ್ಟಿಯಲ್ಲಿ ಅದು ಸಿಕ್ಕಿತು. ಐದಕ್ಕೆ ಮೂರು ಅಂಕ ಕೊಡುತ್ತೇನೆ, ಅದರಲ್ಲಿ ಎರಡು ವೀಸಾ ಅಧ್ಯಾಯಕ್ಕೆ, ಒಂದು ವಿಳಾಸ ಮತ್ತು ಶಾಲೆಯ ಪುಟಕ್ಕೆ. ಎಂಟು ಹತ್ತು ವರ್ಷದ ಮಕ್ಕಳಿರುವವರಿಗೆ ಈ ವರದಿ ಸಾಕು. ಒಂಬತ್ತನೇ ತರಗತಿ ದಾಟಿದ ಮಕ್ಕಳಿದ್ದರೆ ವೀಸಾ ಭಾಗವನ್ನಷ್ಟೇ ಪ್ರತ್ಯೇಕವಾಗಿ ಕೇಳಿ ಪಡೆಯಿರಿ, ಅದನ್ನು ಕಡಿಮೆ ದರಕ್ಕೆ ಕೊಡುತ್ತಾರೆ. ಪೂರ್ತಿ ವರದಿಯೇ ಬೇಕೆಂದಿದ್ದರೆ ಎರಡನೇ ಕಂತು ಕಟ್ಟುವ ಮೊದಲು, ಪ್ರತಿ ಮಗುವಿನ ವಯಸ್ಸು, ತರಗತಿ ಮತ್ತು ವೀಸಾ ಸ್ಥಿತಿಯನ್ನು ಮುಂದಿನ ಆರು ವರ್ಷಗಳಿಗೆ ಒಂದೇ ಪುಟದಲ್ಲಿ ಬರೆದುಕೊಡಬೇಕೆಂದು ಒಪ್ಪಂದದಲ್ಲೇ ಸೇರಿಸಿಕೊಳ್ಳಿ.