ರೈಲಿನಲ್ಲೂ ಲಾಗಿನ್ ತಪ್ಪದ ಹೆಕ್ಸ್‌ಚಾಟ್

ದಿನಾ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ರೈಲು ಹತ್ತಿ ಯಶವಂತಪುರಕ್ಕೆ ಹೋಗುವವಳು ನಾನು. ಆಫೀಸಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ತಂತ್ರಾಂಶದಲ್ಲಿ ಏನಾದರೂ ತೋಚದೆ ಹೋದರೆ ಲಿಬೆರಾ ಚಾಟ್ ಅನ್ನುವ ಐಆರ್‌ಸಿ ನೆಟ್‌ವರ್ಕ್‌ನ ಚಾನೆಲ್‌ಗೆ (ಹರಟೆಯ ಕೋಣೆಗೆ) ಹೋಗಿ ಕೇಳುತ್ತೇನೆ. ಬಲ್ಲವರು ಅಲ್ಲಿರುತ್ತಾರೆ, ತಾಳ್ಮೆಯಿಂದ ಹೇಳಿಕೊಡುತ್ತಾರೆ. ಐಆರ್‌ಸಿ ಅಂದರೆ ನೆಟ್‌ನಲ್ಲಿ ಅಕ್ಷರಗಳಲ್ಲೇ ಮಾತಾಡುವ ಚಾಟ್ ವ್ಯವಸ್ಥೆ. ಅದು 1988ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ್ದು, ಹಳೆಯದು ಅನ್ನುವವರಿದ್ದಾರೆ. ಆದರೆ 2 ಜಿಬಿ ಮೆಮೊರಿಯ ನನ್ನ ಡೆಬಿಯನ್ ಲಿನಕ್ಸ್ ಲ್ಯಾಪ್‌ಟಾಪ್‌ಗೆ ಇಷ್ಟು ಹಗುರವಾದ ಚಾಟ್ ಬೇರೆ ಸಿಕ್ಕಿಲ್ಲ. ಐಆರ್‌ಸಿಗೆ ಹೋಗಲು ಹೆಕ್ಸ್‌ಚಾಟ್ ಅನ್ನುವ ತಂತ್ರಾಂಶ ಬಳಸುತ್ತೇನೆ. ಡೆಬಿಯನ್‌ನ ತಂತ್ರಾಂಶ ಭಂಡಾರದಲ್ಲೇ ಸಿಕ್ಕಿತು, ಹಾಕಿಕೊಳ್ಳಲು ಎರಡು ನಿಮಿಷ ಸಾಕಾಯಿತು.

ಕಷ್ಟವಾಗಿದ್ದು ಲಾಗಿನ್.

ಮೊದಲ ದಿನ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಸೇರಲು ಹೋದೆ. ಸರ್ವರ್ ಒಳಗೇ ಬಿಡಲಿಲ್ಲ. ಸ್ಯಾಸಲ್ ಲಾಗಿನ್ (ಸೇರುವಾಗಲೇ ಗುರುತು ತೋರಿಸುವ ರೀತಿ) ಇದ್ದವರಿಗೆ ಮಾತ್ರ ಪ್ರವೇಶ ಅನ್ನುವ ಒಂದು ಸಾಲು ಬಂತು, ಅಷ್ಟೆ. ಕಾರಣ ಆಮೇಲೆ ತಿಳಿಯಿತು. ಮೊಬೈಲ್ ನೆಟ್‌ನಲ್ಲಿ ಎಷ್ಟೋ ಜನ ಒಂದೇ ಐಪಿ ವಿಳಾಸ ಹಂಚಿಕೊಂಡಿರುತ್ತಾರೆ. ಅವರಲ್ಲಿ ಯಾರೋ ಒಬ್ಬರು ಕಾಟ ಕೊಟ್ಟರೆ ಆ ಕಡೆಯಿಂದ ಬರುವ ಎಲ್ಲರಿಗೂ ಲಾಗಿನ್ ಕಡ್ಡಾಯ ಮಾಡುತ್ತಾರೆ. ಲಾಗಿನ್ ಆಗಲು ಹೆಸರು ನೋಂದಾಯಿಸಬೇಕು, ನೋಂದಾಯಿಸಲು ಒಳಗೆ ಹೋಗಬೇಕು. ಒಳಗೇ ಬಿಡದಿದ್ದರೆ? ಭಾನುವಾರ ಲ್ಯಾಪ್‌ಟಾಪ್ ಹಿಡಿದು ಶಿರಾ ಗೇಟ್ ಹತ್ತಿರದ ಅಕ್ಕನ ಮನೆಗೆ ಹೋದೆ. ಅವರ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ತಕರಾರಿಲ್ಲದೆ ಸೇರಿಕೊಂಡೆ. ಹೆಸರು ನೋಂದಾಯಿಸುವ ಅಲ್ಲಿನ ಸೇವೆ ನಿಕ್‌ಸರ್ವ್‌ಗೆ ಪಾಸ್‌ವರ್ಡ್, ಇಮೇಲ್ ಕೊಟ್ಟೆ. ಇಮೇಲ್‌ಗೆ ಬಂದ ಕೋಡ್ ಹಾಕಿದ ಮೇಲೆ ಹೆಸರು ನನ್ನದಾಯಿತು.

ನಿಕ್‌ಸರ್ವ್‌ಗೆ ಪಾಸ್‌ವರ್ಡ್ ಕಳಿಸಿದರೆ ಸಾಕಲ್ವಾ, ಸ್ಯಾಸಲ್ ಯಾಕೆ ಅಂತ ನನಗೂ ಅನ್ನಿಸಿತ್ತು. ಆ ಹಳೇ ರೀತಿಯಲ್ಲಿ ಮೊದಲು ಒಳಗೆ ಬಂದು, ಆಮೇಲೆ ನಾನು ಇಂಥವಳು ಎಂದು ಹೇಳಬೇಕು. ನಡುವಿನ ಆ ಕೆಲವು ಸೆಕೆಂಡುಗಳಲ್ಲಿ ನಿಮ್ಮ ನೆಟ್ ವಿಳಾಸ ಬೇರೆಯವರಿಗೆ ಕಂಡುಬಿಡಬಹುದು. ನೋಂದಾಯಿತ ಹೆಸರಿದ್ದವರನ್ನು ಮಾತ್ರ ಸೇರಿಸುವ ಚಾನೆಲ್‌ಗಳು ವಾಪಸ್ ಕಳಿಸುತ್ತವೆ. ಸ್ಯಾಸಲ್‌ನಲ್ಲಿ ಒಳಗೆ ಕಾಲಿಡುವ ಮೊದಲೇ ಗುರುತು ಖಾತ್ರಿಯಾಗುತ್ತದೆ. ಇದರ ಜೊತೆಗೆ 6697ನೇ ಪೋರ್ಟ್‌ನಲ್ಲಿ ಟಿಎಲ್‌ಎಸ್ (ಮಾತನ್ನು ಗುಪ್ತಲಿಪಿ ಮಾಡಿ ಕಳಿಸುವ ವಿಧಾನ) ಇದ್ದರೆ ದಾರಿಯಲ್ಲಿ ಯಾರೂ ಪಾಸ್‌ವರ್ಡ್ ಓದಲಾರರು. ರೈಲಿನಲ್ಲಿ, ಅವರಿವರ ವೈಫೈನಲ್ಲಿ ಕೂತು ಕೆಲಸ ಮಾಡುವ ನನ್ನಂಥವರಿಗೆ ಇದು ತುಂಬಾ ಮುಖ್ಯ.

ಹೆಕ್ಸ್‌ಚಾಟ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಲಿಬೆರಾ ಮೊದಲೇ ಇರುತ್ತದೆ. ಎಡಿಟ್ ಒತ್ತಿ, ಲಾಗಿನ್ ಮೆಥಡ್‌ನಲ್ಲಿ ಸ್ಯಾಸಲ್ ಆರಿಸಿ, ಪಾಸ್‌ವರ್ಡ್ ಹಾಕಿದೆ. ಆಗಲಿಲ್ಲ. ಪಾಸ್‌ವರ್ಡ್ ಮತ್ತೆ ಮತ್ತೆ ಟೈಪ್ ಮಾಡಿದೆ, ಒಂದು ಗಂಟೆ ಸುಮ್ನೆ ಹೋಯಿತು. ತಪ್ಪಿದ್ದದ್ದು ಯೂಸರ್ ನೇಮ್‌ನಲ್ಲಿ. ಹೆಕ್ಸ್‌ಚಾಟ್ ಲಾಗಿನ್‌ಗೆ ಕಳಿಸುವುದು ಆ ಜಾಗದಲ್ಲಿರುವ ಹೆಸರನ್ನು, ನಿಕ್ ನೇಮ್ ಅನ್ನಲ್ಲ. ಅಲ್ಲಿ ನನ್ನ ಲಿನಕ್ಸ್ ಲಾಗಿನ್ ಹೆಸರು ಕೂತಿತ್ತು. ಗ್ಲೋಬಲ್ ಮಾಹಿತಿ ಬಳಸು ಅನ್ನುವ ಟಿಕ್ ತೆಗೆದು, ನೋಂದಾಯಿಸಿದ ಹೆಸರು ಹಾಕಿದ ತಕ್ಷಣ ಸರಿಹೋಯಿತು. ಇಷ್ಟು ಮುಖ್ಯವಾದ ಮಾತನ್ನು ಆ ಕಿಟಕಿಯಲ್ಲೇ ಒಂದು ಸಾಲಿನಲ್ಲಿ ತಿಳಿಸಬೇಕಿತ್ತು. ಇಲ್ಲಿ ಒಂದು ಅಂಕ ಕಳೆಯುತ್ತೇನೆ.

ಇನ್ನೊಂದು ಅಂಕ ಕಳೆಯುವುದು ಪಾಸ್‌ವರ್ಡ್ ಇಡುವ ರೀತಿಗೆ. ಸೆಟ್ಟಿಂಗ್ ಫೈಲ್ ತೆರೆದರೆ ಅದು ಹಾಗೇ ಕಾಣುತ್ತದೆ, ಯಾವ ಮುಚ್ಚುಮರೆಯೂ ಇಲ್ಲ. ಅದಕ್ಕೆ ನಾನು ಪಾಸ್‌ವರ್ಡ್ ಬಿಟ್ಟು, ಗುರುತಿನ ಚೀಟಿಯಂಥ ಫೈಲ್ ಆದ ಸರ್ಟಿಫಿಕೇಟ್‌ಗೆ ಬದಲಾದೆ. ಓಪನ್‌ಎಸ್‌ಎಸ್‌ಎಲ್ ಅನ್ನುವ ಸಾಧನದಿಂದ 1096 ದಿನಗಳ ಒಂದು ಸರ್ಟಿಫಿಕೇಟ್ ಮಾಡಿಕೊಂಡು, ಹೆಕ್ಸ್‌ಚಾಟ್‌ನ ಸರ್ಟ್ಸ್ ಫೋಲ್ಡರ್‌ನಲ್ಲಿ ಇಟ್ಟೆ. ಫೈಲಿಗೆ ಪಟ್ಟಿಯಲ್ಲಿರುವ ನೆಟ್‌ವರ್ಕ್ ಹೆಸರನ್ನೇ ಕೊಟ್ಟೆ, ಚುಕ್ಕೆಯನ್ನೂ ಬಿಡಲಿಲ್ಲ. ಹಳೇ ಲಾಗಿನ್‌ನಲ್ಲೇ ಒಮ್ಮೆ ಸೇರಿ, ನಿಕ್‌ಸರ್ವ್‌ಗೆ ಸರ್ಟ್ ಆ್ಯಡ್ ಎಂದು ಕಳಿಸಿ, ಆಮೇಲೆ ಲಾಗಿನ್ ಮೆಥಡ್ ಅನ್ನು ಸರ್ಟಿಫಿಕೇಟ್ ನೋಡಿ ಬಿಡುವ ಸ್ಯಾಸಲ್ ಎಕ್ಸ್‌ಟರ್ನಲ್‌ಗೆ ಬದಲಿಸಿದೆ. ಈ ಕ್ರಮ ತಪ್ಪಿಸಬೇಡಿ. ಸರ್ಟಿಫಿಕೇಟ್ ಫೈಲ್ ಕಳ್ಳರ ಕೈಗೆ ಸಿಕ್ಕರೂ ಅಪಾಯವೇ. ಆದರೆ ಅದೊಂದನ್ನೇ ನಿಕ್‌ಸರ್ವ್‌ನಿಂದ ತೆಗೆದುಹಾಕಬಹುದು.

ಹೆಕ್ಸ್‌ಚಾಟ್‌ನಲ್ಲಿ ಕನ್ನಡ ಚೆನ್ನಾಗಿ ಕಾಣುತ್ತದೆ. ವೀಚಾಟ್ ಅನ್ನುವ ಇನ್ನೊಂದು ಐಆರ್‌ಸಿ ತಂತ್ರಾಂಶ ಕೂಡ ನೋಡಿದ್ದೆ. ಅದರಲ್ಲಿ ಪಾಸ್‌ವರ್ಡನ್ನು ಗುಪ್ತವಾಗಿ ಇಡಬಹುದು, ಆ ವಿಷಯದಲ್ಲಿ ಮೇಲು. ಆದರೆ ಅದು ಓಡುವುದು ಬರೀ ಅಕ್ಷರ ತೋರಿಸುವ ಟರ್ಮಿನಲ್ ಕಿಟಕಿಯಲ್ಲಿ. ನನ್ನ ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಚೆದುರಿಹೋಗುತ್ತವೆ, ಓದಲು ಆಗುವುದಿಲ್ಲ. ಐಆರ್‌ಸಿಯಲ್ಲಿ ಒಂದು ಸಂದೇಶಕ್ಕೆ 512 ಬೈಟ್ ಮಿತಿ ಇದೆ. ಕನ್ನಡದ ಅಕ್ಷರ, ಸ್ವರಚಿಹ್ನೆ ಒಂದೊಂದಕ್ಕೂ 3 ಬೈಟ್ ಬೇಕು. ಹಾಗಾಗಿ ಉದ್ದದ ಕನ್ನಡ ಮಾತು ಇಂಗ್ಲಿಷಿಗಿಂತ ಬೇಗ ತುಂಡಾಗುತ್ತದೆ. ಚಿಕ್ಕ ಸಾಲುಗಳಲ್ಲಿ ಬರೆಯಿರಿ.

ಒಂದು ಬೇಸರದ ವಿಷಯ. 2024ರ ಫೆಬ್ರವರಿಯಲ್ಲಿ ಬಂದ 2.16.2 ಹೆಕ್ಸ್‌ಚಾಟ್‌ನ ಕೊನೆಯ ಆವೃತ್ತಿ ಎಂದು ಅದನ್ನು ನೋಡಿಕೊಳ್ಳುತ್ತಿದ್ದವರೇ ಹೇಳಿದ್ದಾರೆ. ಇವತ್ತಿಗೆ ನನಗೆ ಏನೂ ಕೆಟ್ಟಿಲ್ಲ. ಆದರೆ ಭದ್ರತೆಯ ತೂತು ಕಂಡು ಮುಚ್ಚುವವರು ಇಲ್ಲವಾದ ದಿನ ನಾನು ಇದನ್ನು ಬಿಡುತ್ತೇನೆ.

ಹಿರೇಹಳ್ಳಿ ದಾಟಿದ ಮೇಲೆ ಆಗಾಗ ನೆಟ್ ಹೋಗುತ್ತದೆ. ಹೋದಾಗ ಬಂದ ಸಂದೇಶ ಸಿಗುವುದಿಲ್ಲ. ಆದರೆ ಸಿಗ್ನಲ್ ಬಂದ ಕೂಡಲೇ ಹೆಕ್ಸ್‌ಚಾಟ್ ತಾನೇ ಲಾಗಿನ್ ಆಗಿರುತ್ತದೆ. ಹಳೇ ಸಂಪರ್ಕ ಇನ್ನೂ ನನ್ನ ಹೆಸರು ಹಿಡಿದುಕೊಂಡಿದ್ದರೆ, ನಿಕ್‌ಸರ್ವ್‌ಗೆ ರೀಗೇನ್ ಅಂದರೆ ಬಿಡಿಸಿಕೊಡುತ್ತದೆ.

ಹೋದ ವಾರ ಪಕ್ಕದ ಸೀಟಿನ ಹುಡುಗಿ, "ಅಕ್ಕಾ, ನನ್ನ ಲ್ಯಾಪ್‌ಟಾಪ್‌ಗೂ ಹಾಕಿಕೊಡ್ತೀರಾ?" ಅಂದಳು. ಮೊದಲು ಮನೆಯ ವೈಫೈನಲ್ಲಿ ಹೆಸರು ನೋಂದಾಯಿಸಿಕೊಂಡು ಬಾ ಎಂದೆ. ಸೋಮವಾರ ಬಂದಳು. ದೊಡ್ಡಬೆಲೆ ಬರುವಷ್ಟರಲ್ಲಿ ಅವಳ ಲಾಗಿನ್ ಆಗಿತ್ತು.